ಕಿರುಬೆರಳು

ಮಕ್ಕಳ ಕುರ್ಚಿಯಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ತಾಕುತ್ತದೆ. ತರಬೇತಿಗೆ ಬಂದವಳಿಗೆ ಈ ಕ್ಲಾಸಿನಲ್ಲಿ ಬೇರೆ ಕುರ್ಚಿ ಇರಲಿಲ್ಲ. ಇದ್ದ ಒಂದೇ ದೊಡ್ಡ ಕುರ್ಚಿಯನ್ನು ಇವತ್ತು ಬೆಳಿಗ್ಗೆ ಹಿಂದಿನ ಗೋಡೆಯ ಪಕ್ಕಕ್ಕೆ ಎಳೆದು ಹಾಕಿದ್ದರು, ಕಾಲೇಜಿನಿಂದ ಅವಳ ಪಾಠ ನೋಡಲು ಬರುವವನಿಗೆ. ಅವಳು ಕೆಂಪು ಪ್ಲಾಸ್ಟಿಕ್ಕಿನ ಮೇಲೆ ಮುದುಡಿ ಕೂತು ಮಕ್ಕಳು ಕೋಟು ಕಳಚಿ ಗೂಟಕ್ಕೆ ಸಿಕ್ಕಿಸುವುದನ್ನು ನೋಡುತ್ತಿದ್ದಳು. ಸೀರೆಯಾಗಿದ್ದರೆ ಸೆರಗನ್ನಾದರೂ ಸರಿಮಾಡಿಕೊಳ್ಳುತ್ತ ಕೈಗೊಂದು ಕೆಲಸ ಕೊಡಬಹುದಿತ್ತು; ಈ ಪ್ಯಾಂಟಿನಲ್ಲಿ ಎರಡು ಕೈಗಳೂ ಗುರುತಿಲ್ಲದ ಮನೆಗೆ ಬಂದ ನೆಂಟರ ಹಾಗೆ ತೊಡೆಯ ಮೇಲೆ ಬಿದ್ದಿದ್ದವು. ಅಲ್ಲಿ, ದೇಶ ಬಿಟ್ಟು ಬರುವ ಮೊದಲು ಪಾಠ ಹೇಳುತ್ತಿದ್ದ ಊರಿನ ಶಾಲೆಯಲ್ಲಿ, ಅವಳು ಬಾಗಿಲಿಗೆ ಬಂದರೆ ಸಾಕು, ಬೆಂಚುಗಳು ಕಿರುಗುಟ್ಟಿ ಇಡೀ ಕ್ಲಾಸು ಒಟ್ಟಿಗೆ ಏಳುತ್ತಿತ್ತು. ಅವಳು ಬೆತ್ತ ಹಿಡಿದವಳಲ್ಲ. ಹಿಡಿಯಬೇಕಾಗಿಯೇ ಬಂದಿರಲಿಲ್ಲ. ಒಂದು ಸಲ ಕಣ್ಣು ಬಿಟ್ಟರೆ ಹಿಂದಿನ ಬೆಂಚಿನ ಪುಂಡನೂ ಬಾಲ ಮುದುರಿಕೊಳ್ಳುತ್ತಿದ್ದ. ನಮ್ಮ ಮಿಸ್ಸಿಗೆ ಬೆನ್ನಲ್ಲೂ ಕಣ್ಣಿದೆ ಎಂದು ಮಕ್ಕಳು ಆಡಿಕೊಳ್ಳುವುದು ಕಿವಿಗೆ ಬಿದ್ದಾಗ ಒಳಗೊಳಗೇ ಹಿಗ್ಗಿದ್ದಳು. ಇಲ್ಲಿಗೆ ಬಂದ ಮೊದಲ ವಾರ ಅದೇ ಕಣ್ಣನ್ನು ಬಣ್ಣದ ನೀರು ಚೆಲ್ಲಿದ ಹುಡುಗನೊಬ್ಬನ ಮೇಲೆ ಬಿಟ್ಟು ನೋಡಿದ್ದಳು. ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ನಿನ್ನ ಕಣ್ಣಿಗೆ ಏನಾದರೂ ಬಿತ್ತಾ ಎಂದು ಕಳಕಳಿಯಿಂದ ಕೇಳಿದ.

ನಿನ್ನ, ಎಂದೇ ಕೇಳಿದ. ಇಲ್ಲಿ ಎಲ್ಲರೂ ಎಲ್ಲರಿಗೂ ಹಾಗೇ. ಅವಳ ಹೆಸರು ಇವರ ನಾಲಗೆಗೆ ಉದ್ದವಾಗಿ, ಮೊದಲ ದಿನವೇ ಅರ್ಧಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದರು. ಆ ಅರ್ಧ ಹೆಸರನ್ನು ಆರು ವರ್ಷದ ಮಕ್ಕಳು ಕ್ಲಾಸಿನ ಆ ತುದಿಯಿಂದ ಬೆಕ್ಕನ್ನು ಕರೆದ ಹಾಗೆ ಕರೆಯುತ್ತಿದ್ದರು. ಕ್ಲಾಸಿನ ಟೀಚರನ್ನು ಅವಳು ಮನಸ್ಸಿನಲ್ಲಿ 'ಹುಡುಗಿ' ಎಂದೇ ಕರೆದುಕೊಳ್ಳುತ್ತಿದ್ದಳು. ತಾನು ಕೆಲಸಕ್ಕೆ ಸೇರಿದ ವರ್ಷ ಈ ಹುಡುಗಿ ಹಾಲುಹಲ್ಲು ಬೀಳಿಸಿಕೊಳ್ಳುತ್ತಿದ್ದಿರಬೇಕು. ಈಗ ಅದೇ ಹುಡುಗಿ ತನ್ನ ಪಾಠ ಮುಗಿದ ಮೇಲೆ ಪಕ್ಕದಲ್ಲಿ ಬಂದು ಕೂತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಪ್ಪು ಹೇಳುತ್ತಿದ್ದಳು. ಇಷ್ಟು ಚೆನ್ನಾಗಿತ್ತು, ಅಷ್ಟು ಚೆನ್ನಾಗಿತ್ತು, ಒಂದೇ ಒಂದು ಸಣ್ಣ ಮಾತು. ಆ ಸಣ್ಣ ಮಾತು ಪ್ರತಿ ಸಲವೂ ಒಂದೇ: ನೀನು ಜೋರಾಗಿ ಹೇಳುತ್ತೀಯ, ಮಕ್ಕಳು ಕೇಳಿಸಿಕೊಳ್ಳುತ್ತಾರೆ, ಆದರೆ ನೀನು ಅವರಿಗೆ ಕಿವಿ ಕೊಡುವುದಿಲ್ಲ. ಹೌದು ಹೌದು ಎಂದು ತಲೆಯಾಡಿಸಿ ಮನೆಗೆ ಹೋಗಿ, ಗಂಡನ ಮುಂದೆ ಹುಡುಗಿಯ ಮೂಗಿನ ದನಿಯನ್ನು ಅಣಕಿಸಿ ಅವನನ್ನು ನಗಿಸಿ, ನಕ್ಕು ಮುಗಿದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು.

ಗಂಡ ಊರಿನಲ್ಲಿ ಔಷಧಿ ಅಂಗಡಿ ನೋಡಿಕೊಂಡಿದ್ದವನು. ಇಲ್ಲಿ ಔಷಧಿಯ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ. ಪೆಟ್ಟಿಗೆಯ ಒಳಗೆ ಇರೋದು ಏನು ಅಂತ ಅಲ್ಲಿ ಗೊತ್ತಿರೋನು ನಾನೊಬ್ಬನೇ ಕಣೆ, ಹೊರಗಿಂದ ಹೊರೋಕೆ ಅದೇ ಅರ್ಹತೆ, ಎಂದು ನಗುತ್ತಿದ್ದ. ಅವಳ ಓದು ಮುಗಿದು ಕೆಲಸ ಸಿಗುವವರೆಗೆ ಅವನು ಎತ್ತುವುದು, ಆಮೇಲೆ ಅವನು ಇಲ್ಲಿಯ ಫಾರ್ಮಸಿ ಪರೀಕ್ಷೆಗೆ ಕೂರುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಇವತ್ತು ಬೆಳಿಗ್ಗೆ ಅವನು ನೆಲದ ಮೇಲೆ ಬಿದ್ದ ಕಾಲುಚೀಲವನ್ನು ಬಗ್ಗಿ ಎತ್ತಿಕೊಳ್ಳಲಾರದೆ, ಕಾಲಬೆರಳಲ್ಲಿ ಹಿಡಿದು ಮೇಲೆತ್ತಿಕೊಂಡಿದ್ದನ್ನು ಅವಳು ಕಂಡೂ ಕಾಣದವಳಂತೆ ಚಹಾ ಸೋಸಿದಳು. 'ಹೋಗಿ ಬಾ ವಿದ್ಯಾರ್ಥಿನಿ,' ಅಂದ. 'ನೀನು ಪಾಸಾದ್ರೆ ನನ್ನ ಸೊಂಟವೂ ಪಾಸು.' ತಮಾಷೆಗೇ ಅಂದದ್ದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ತಮಾಷೆ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಹೋದ ಸಲ ಪಾಸಾಗಿರಲಿಲ್ಲ. ಈ ಸಲವೂ ಆಗದಿದ್ದರೆ ತರಬೇತಿಯನ್ನು ಮೊದಲಿನಿಂದ ಮಾಡಬೇಕು, ಅವನು ಇನ್ನೊಂದು ವರ್ಷ ಎತ್ತಬೇಕು.

ಹೋದ ಸಲ ಆಗದೆ ಹೋದದ್ದು ಈ ಮಗುವಿನಿಂದ. ಅಗೋ, ಕೊನೆಯದಾಗಿ ಒಳಗೆ ಬಂದು, ಕೋಟನ್ನು ಅಂಗಿಯ ಹಾಗೆ ಮಡಚಿ ಮೂಲೆಯಲ್ಲಿಟ್ಟು, ಗೂಟಕ್ಕೆ ಹಾಕುವುದನ್ನು ಇನ್ನೂ ಕಲಿಯದೆ, ಅವಳ ಕಡೆ ನೋಡಿ ಗಲ್ಲದ ಕುಳಿ ಕಾಣುವಷ್ಟು ಮಾತ್ರ ನಗುವ ಮಗು. ಕಳೆದ ತಿಂಗಳು ಹುಡುಗಿ ಇದರ ಕೈ ಹಿಡಿದು ಕರೆದುಕೊಂಡು ಬಂದು, ನೋಡು ನಿನ್ನ ಭಾಷೆಯದೇ ಮಗು, ಪಾಪ ಒಂದು ಮಾತೂ ಬರುವುದಿಲ್ಲ ಎಂದು ಅವಳಿಗೆ ಒಪ್ಪಿಸಿದ್ದಳು. ಬಾಗಿ ಹೆಸರು ಕೇಳಿದ್ದೇ ತಡ, ಮಗುವಿನ ಬಾಯಿಂದ ಕನ್ನಡ ಕಟ್ಟೆ ಒಡೆದು ಬಂತು. ಹೆಸರು, ಅಪ್ಪನ ಹೆಸರು, ವಿಮಾನದಲ್ಲಿ ಕಿವಿ ನೋವು ಬಂದದ್ದು, ಅಮ್ಮ ಹೋಟೆಲಿನಲ್ಲಿ ಬೆಡ್‌ಶೀಟ್ ಒಗೆಯುವುದು, ಎಲ್ಲದರ ಕೊನೆಗೂ ಒಂದು 'ಮಿಸ್'. ಎಷ್ಟು ದಿನಗಳ ಮೇಲೆ ಕೇಳಿದ್ದು ಆ ಮಾತು. ಅವಳಿಗೆ ಕಣ್ಣು ಒದ್ದೆಯಾಗಿತ್ತು. ಮಗುವಿಗಾಗಿ ಅಲ್ಲ, ತನಗಾಗಿ ಎಂದು ಆಗಲೇ ಗೊತ್ತಿತ್ತು.

ಈ ಕ್ಲಾಸಿನಲ್ಲಿ ಬಾಗಿಲ ಪಕ್ಕದ ಮೊಳೆಗೆ ಮರದ ಬಿಲ್ಲೆಯೊಂದು ನೇತಾಡುತ್ತಿತ್ತು. ಶೌಚಕ್ಕೆ ಹೋಗಬೇಕಾದವರು ಯಾರನ್ನೂ ಕೇಳದೆ ಬಿಲ್ಲೆ ತೆಗೆದುಕೊಂಡು ಹೋಗಿ, ಬಂದು, ಮತ್ತೆ ನೇತುಹಾಕುವುದು ಪದ್ಧತಿ. ಉಳಿದವರನ್ನು ನೋಡಿ ಮಗುವೂ ಎರಡನೆಯ ದಿನವೋ ಮೂರನೆಯ ದಿನವೋ ಎದ್ದು ಬಿಲ್ಲೆಗೆ ಕೈ ಹಾಕಿತ್ತು. ಅವಳು ಕೂತಲ್ಲಿಂದಲೇ, ಯೋಚಿಸುವ ಮೊದಲೇ, ಇಷ್ಟು ವರ್ಷದ ಅಭ್ಯಾಸ ಬಾಯಿಗೆ ಬಂದು, 'ಏಯ್, ಕೇಳದೇ ಹೋಗ್ತಾರಾ?' ಅಂದಿದ್ದಳು. ಮಗು ಬಿಲ್ಲೆಯನ್ನು ಸದ್ದಾಗದ ಹಾಗೆ ಮೊಳೆಗೆ ಹಾಕಿ, ವಾಪಸ್ಸು ಬಂದು ಕೂತು, ಊರಿನ ಶಾಲೆಗಳಲ್ಲಿ ಎಲ್ಲ ಮಕ್ಕಳೂ ಎತ್ತುವ ಹಾಗೆ ಕಿರುಬೆರಳು ಎತ್ತಿತು. ಅವಳು ತಲೆಯಾಡಿಸಿದಳು. ಆಮೇಲೆ ಹೋಗಿ ಬಂತು. ತಪ್ಪನ್ನು ತಿದ್ದಬೇಕು, ಇಲ್ಲಿ ಕೇಳಬೇಕಾಗಿಲ್ಲ ಪುಟ್ಟಾ ಎಂದು ಹೇಳಬೇಕು ಅಂದುಕೊಂಡದ್ದು ನಿಜ. ಹೇಳಲಿಲ್ಲ. ದಿನಾ ಆ ಪುಟ್ಟ ಬೆರಳು ಎದ್ದು ತನ್ನ ಅಪ್ಪಣೆಗೆ ಕಾಯುವುದು, ಇಡೀ ಕಟ್ಟಡದಲ್ಲಿ ತನ್ನನ್ನು ಕಾಯುವ ಒಂದೇ ಒಂದು ಜೀವ ಅದು ಎನ್ನುವುದು, ಅವಳಿಗೆ ಬಿಡಲಾಗದ ಚಟದ ಹಾಗೆ ಹಿಡಿದುಕೊಂಡಿತ್ತು.

ಇದು ಕಾಲೇಜಿನವನ ಕಣ್ಣಿಗೆ ಮೊದಲ ಸಲವೇ ಬಿತ್ತು. ಅವಳು ಅವನನ್ನು ಇನ್ಸ್‌ಪೆಕ್ಟರು ಅನ್ನುತ್ತಿದ್ದಳು, ಮನಸ್ಸಿನಲ್ಲೇ. ಸದಾ ನೆಗಡಿಯ, ಮೆತ್ತಗಿನ ಮಾತಿನ ಮನುಷ್ಯ. ಆ ಮಗು ಪ್ರತಿಯೊಂದಕ್ಕೂ ನಿನ್ನ ಮುಖ ನೋಡುತ್ತದೆ, ನೀನು ತಲೆಯಾಡಿಸದೆ ಅಲ್ಲಾಡುವುದಿಲ್ಲ, ನಿಮ್ಮಿಬ್ಬರ ನಡುವೆ ಕ್ಲಾಸಿನವರಿಗೆ ಗೊತ್ತಾಗದ ಒಂದು ಸಂಭಾಷಣೆ ನಡೆಯುತ್ತಲೇ ಇರುತ್ತದೆ, ಮುಂದಿನ ಸಲ ನಾನು ಬರುವಾಗ ನೀನು ಎಲ್ಲರ ಟೀಚರಾಗಿರಬೇಕು ಎಂದು ಹೇಳಿ, ಮೂಗು ಒರೆಸಿಕೊಂಡು ಹೋಗಿದ್ದ. ಎಲ್ಲರ ಟೀಚರು. ಅವತ್ತು ಮಧ್ಯಾಹ್ನ ಕೋಟುಗಳ ಮರೆಯಲ್ಲಿ ಮಗುವನ್ನು ನಿಲ್ಲಿಸಿಕೊಂಡು ಹೇಳಿದ್ದಳು: 'ಇನ್ಮೇಲೆ ಕ್ಲಾಸಲ್ಲಿ ನನ್ನ ಹತ್ರ ಕನ್ನಡ ಮಾತಾಡ್ಬಾರದು. ಒಂದು ಮಾತೂ. ಗೊತ್ತಾಯ್ತಾ?' ಮಗು ತುಟಿ ಒಳಗೆಳೆದುಕೊಂಡು ತಲೆಯಾಡಿಸಿತ್ತು. ಅಂದಿನಿಂದ ನಿಜಕ್ಕೂ ಒಂದು ಮಾತೂ ಆಡಿರಲಿಲ್ಲ. ಹೇಳಿದ್ದನ್ನು ಕೇಳುವ ಮಗು. ಅಂಥ ಮಕ್ಕಳನ್ನೇ ಅವಳು ಜೀವಮಾನವಿಡೀ ಬೆಳೆಸಿದ್ದು.

ಇನ್ಸ್‌ಪೆಕ್ಟರು ಬಂದು ಹಿಂದಿನ ಕುರ್ಚಿಯಲ್ಲಿ ಕೂತ. ಹುಡುಗಿ ಅವನ ಪಕ್ಕದ ಕಿಟಕಿಗೆ ಒರಗಿ ನಿಂತಳು. ಇವತ್ತಿನ ಪಾಠ ನೀರು. ಯಾವ ಪಾತ್ರೆ ಎಷ್ಟು ಹಿಡಿಯುತ್ತದೆ ಎನ್ನುವುದು. ಅವಳು ಮೇಜಿನ ಮೇಲೆ ಉದ್ದ ಗಾಜಿನ ಲೋಟ, ಅಗಲ ಬಟ್ಟಲು, ಜಗ್ಗುಗಳನ್ನು ಜೋಡಿಸಿ, ಬಣ್ಣ ಬೆರೆಸಿದ ನೀರನ್ನು ಎತ್ತರದಿಂದ ಸುರಿದಳು. ಮಕ್ಕಳು ಬಾಯಿ ತೆರೆದು ನೋಡಿದರು. ಉದ್ದ ಲೋಟದಲ್ಲೇ ಜಾಸ್ತಿ ಎಂದು ಅರ್ಧ ಕ್ಲಾಸು, ಅಲ್ಲ ಬಟ್ಟಲಲ್ಲಿ ಎಂದು ಅರ್ಧ ಕ್ಲಾಸು. ಅವಳು ಉತ್ತರ ಹೇಳಲಿಲ್ಲ. ಹೇಳಲು ಬಾಯಿ ತುರಿಸುತ್ತಿದ್ದರೂ ಹೇಳದೆ, ನಿನಗೆ ಯಾಕೆ ಹಾಗನ್ನಿಸಿತು, ನಿನಗೆ, ನಿನಗೆ ಎಂದು ಕೇಳುತ್ತ ಹೋದಳು. ಇವರ ಭಾಷೆ ಅವತ್ತು ಅವಳ ಬಾಯಲ್ಲಿ ಎಂದೂ ಇಲ್ಲದಷ್ಟು ಸಲೀಸಾಗಿ ಹೊರಳುತ್ತಿತ್ತು. ಕಿಟಕಿಯ ಬಳಿ ಹುಡುಗಿಯ ಮುಖ ಅರಳುವುದು ಕಂಡಿತು. ಕಾಲೇಜಿನವನು ಬರೆಯುವುದನ್ನು ನಿಲ್ಲಿಸಿ ಕೈಕಟ್ಟಿ ನೋಡುತ್ತಿದ್ದ. ಒಂದು ಕ್ಷಣ ಅವಳಿಗೆ ತಾನು ಎಲ್ಲಿದ್ದೇನೆ ಎನ್ನುವುದೇ ಮರೆತುಹೋಯಿತು. ಇದೇ, ಇದೇ ತಾನು, ನೀರು ಸುರಿಯುವ ಈ ಕೈಯೇ ತಾನು, ಅರ್ಧ ಹೆಸರಲ್ಲ, ಮುದುಡಿ ಕೂತ ಮೊಣಕಾಲಲ್ಲ. ಅಷ್ಟರಲ್ಲಿ ಕಣ್ಣಿನ ಅಂಚಿನಲ್ಲಿ ಕಿರುಬೆರಳು ಎದ್ದಿತು.

ನೋಡಲಿಲ್ಲ ಎಂದು ಅವಳು ಮೊದಲು ತನಗೇ ಹೇಳಿಕೊಂಡಳು. ಲೋಟದ ನೀರನ್ನು ಮತ್ತೆ ಜಗ್ಗಿಗೆ ಸುರಿದಳು. ನೀರಿನ ಸದ್ದಿಗೆ ಬೆರಳು ಇನ್ನಷ್ಟು ಮೇಲೆದ್ದಿತು. ಮಗು ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡಿತ್ತು. ತಲೆಯಾಡಿಸಿದರೆ ಮುಗಿಯಿತು. ಆದರೆ ಆ ತಲೆಯಾಡಿಸುವುದನ್ನೇ ನೋಡಲು ಬಂದವನು ಹಿಂದೆ ಕೂತಿದ್ದ. ಅಥವಾ ಇವರ ಭಾಷೆಯಲ್ಲೇ, ಎಲ್ಲರಿಗೂ ಕೇಳುವ ಹಾಗೆ, ಯಾರಿಗಾದರೂ ಹೋಗಬೇಕಿದ್ದರೆ ಬಿಲ್ಲೆ ಇದೆಯಲ್ಲ ಅನ್ನಬಹುದಿತ್ತು. ಅಂದಿದ್ದರೂ ಮಗುವಿಗೆ ತಿಳಿಯುತ್ತಿರಲಿಲ್ಲ ಎಂದು ಆಮೇಲೆ ತನ್ನನ್ನು ಸಮರ್ಥಿಸಿಕೊಂಡಳು. ಆ ಹೊತ್ತಿಗೆ ಅಂಥ ಯಾವ ಯೋಚನೆಯೂ ಬಂದಿರಲಿಲ್ಲ. ನೆನಪಿಗೆ ಬಂದದ್ದು ಊರಿನ ಶಾಲೆಯ ಹಿಂದಿನ ಗೋಡೆ. ಇನ್ಸ್‌ಪೆಕ್ಷನ್ ದಿನ ಬೆಳಿಗ್ಗೆ ಮಕ್ಕಳನ್ನೆಲ್ಲ ಸಾಲು ಹಿಡಿಸಿ ಅಲ್ಲಿಗೆ ಕರೆದುಕೊಂಡು ಹೋಗಿ, 'ಈಗಲೇ ಮುಗಿಸ್ಕೊಳ್ಳಿ. ಸಾಹೇಬ್ರು ಹೋಗೋ ತನಕ ಯಾರೂ ಬೆರಳು ಎತ್ತಕೂಡದು' ಎಂದು ಹೇಳುತ್ತಿದ್ದಳು. ಯಾರೂ ಎತ್ತುತ್ತಿರಲಿಲ್ಲ. ಮಕ್ಕಳು ತಡೆದುಕೊಳ್ಳುತ್ತಾರೆ. ಸಾಹೇಬರು ಬೆನ್ನು ತಟ್ಟಿ, ನಿಮ್ಮ ಕ್ಲಾಸು ಅಂದ್ರೆ ಶಿಸ್ತು ಮೇಡಂ ಅಂದು ಹೋಗುತ್ತಿದ್ದರು. ತಡೆದುಕೊಂಡ ಮಕ್ಕಳಿಗೆ ಎಷ್ಟು ನೋಯುತ್ತಿತ್ತೋ ಎಂದು ಯಾರೂ ಕೇಳಿರಲಿಲ್ಲ, ಮಕ್ಕಳೂ ಹೇಳಿರಲಿಲ್ಲ.

ಅವಳು ಮಗುವಿನ ಕಡೆ ತಿರುಗಿ ಕಣ್ಣು ಬಿಟ್ಟಳು.

ಆ ಕೋಣೆಯಲ್ಲಿ ಆ ನೋಟವನ್ನು ಓದಬಲ್ಲವರು ಒಬ್ಬರೇ ಇದ್ದರು, ಮತ್ತು ಸರಿಯಾಗಿ ಓದಿದರು. ಬೆರಳು ಇಳಿಯಿತು. ಮಗು ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿ, ಮೊಣಕಾಲು ಮೊಣಕಾಲಿಗೆ ಒತ್ತಿ, ಬೆನ್ನು ನೆಟ್ಟಗೆ ಮಾಡಿ ಕೂತಿತು. ಅವಳು ಪಾಠ ಮುಂದುವರಿಸಿದಳು. ಚೆನ್ನಾಗಿಯೇ ಮುಂದುವರಿಸಿದಳು, ಆ ಮೇಲಿನ ಪಾಠವೇ ಮೊದಲಿನದಕ್ಕಿಂತ ಚೆನ್ನಾಗಿತ್ತು ಎನ್ನುವುದು ಅವಳಿಗೆ ನಂತರ ನೆನೆಸಿಕೊಳ್ಳಲು ಬಹಳ ಕಷ್ಟವಾದ ಸಂಗತಿ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಸುರಿಸಿದಳು. ನಗಿಸಿದಳು. ಪ್ರತಿ ಸಲ ನೀರು ಸುರಿದಾಗಲೂ ಆ ಕಡೆ ನೋಡದಿರುವುದಕ್ಕೆ ಕತ್ತಿನ ನರವೆಲ್ಲ ಬಿಗಿದುಕೊಂಡಿತ್ತು. ಇನ್ನು ಸ್ವಲ್ಪವೇ ಹೊತ್ತು, ಗಂಟೆ ಹೊಡೆದೀತು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಗುವಿಗೆ ಮನಸ್ಸಿನಲ್ಲೇ, ಕನ್ನಡದಲ್ಲೇ ಹೇಳುತ್ತಿದ್ದಳು. ಗಂಟೆ ಹೊಡೆಯಿತು. ಮಕ್ಕಳು ಹೋ ಎಂದು ಕೋಟು ಎಳೆದುಕೊಂಡು ಆಟಕ್ಕೆ ಓಡಿದರು. ಮಗು ಏಳಲಿಲ್ಲ.

ಕಾಲೇಜಿನವನು ಎದ್ದು ಬಂದು ಅವಳ ಕೈ ಕುಲುಕಿದ. ಹೋದ ಸಲದವಳು ನೀನೇನಾ ಅನ್ನಿಸಿತು ಅಂದ. ಮುಖ್ಯವಾಗಿ ಆ ಸಣ್ಣ ಮಗು, ನೋಡು, ಒಂದು ಸಲವೂ ನೀನು ಅದರ ಬಲೆಗೆ ಬೀಳಲಿಲ್ಲ, ಅದೂ ಉಳಿದವರ ಹಾಗೆಯೇ ಶಾಂತವಾಗಿ ಕೂತು ಪಾಠ ಕೇಳಿತು, ನನ್ನ ಕಡೆಯಿಂದ ನೀನು ಪಾಸು. ಅವಳು ಥ್ಯಾಂಕ್ಸ್ ಅಂದಳು. ಆಗ ಹುಡುಗಿ, ಅಯ್ಯೋ ಅಲ್ಲಿ ನೀರು ಚೆಲ್ಲಿದೆ, ಯಾರಾದರೂ ಜಾರಿಬಿದ್ದಾರು ಅಂದಳು. ಮಗುವಿನ ಕುರ್ಚಿಯ ಕೆಳಗೆ ನೀರು ನಿಂತಿತ್ತು. ಪಾಠದ ನೀರು, ಎಂದು ಅವಳೇ ಅಂದಳು, ಎಲ್ಲರಿಗಿಂತ ಮೊದಲು, ನಾನು ಒರೆಸುತ್ತೇನೆ. ಕಾಗದದ ಟವೆಲಿನ ಸುರುಳಿ ಎಳೆದುಕೊಂಡು ಮೊಣಕಾಲೂರಿದಳು. ಅದಕ್ಕೆ ಬಣ್ಣವಿರಲಿಲ್ಲ. ಬೆಚ್ಚಗಿತ್ತು. ಬೆಚ್ಚಗಿದ್ದ ಕಾಗದವನ್ನು ಅಂಗೈಯಲ್ಲಿ ಮುದುರಿಕೊಂಡು ತಲೆ ಎತ್ತಿದರೆ, ಅವಳ ಮುಖ ಮಗುವಿನ ಮುಖದ ಸಮಕ್ಕೆ ಇತ್ತು. ಮಗು ಅಳುತ್ತಿರಲಿಲ್ಲ. ಅವಳ ಕಣ್ಣನ್ನೇ ನೋಡುತ್ತಿತ್ತು, ಈಗ ಏಳಬಹುದಾ ಎಂದು ತಿಳಿದುಕೊಳ್ಳಲು. ಹಿಂದಿನಿಂದ ಕಾಲೇಜಿನವನು, ಆಯಾಳನ್ನು ಕಾಯದೆ ತಾನೇ ಬಗ್ಗಿ ಒರೆಸುತ್ತಾಳಲ್ಲ, ಇದು ನನಗೆ ಇಷ್ಟ ಎಂದು ಹುಡುಗಿಗೆ ಹೇಳಿ, ಬಾಗಿಲು ಸರಿಸಿಕೊಂಡು ಹೋದ.

ಹುಡುಗಿಗೆ ಹತ್ತಿರ ಬಂದಾಗಲೇ ಗೊತ್ತಾದದ್ದು. ಅವಳು ಮುಖ ಕಿವಿಚಲಿಲ್ಲ, ಗದರಲಿಲ್ಲ. ಬೀರುವಿನಿಂದ ಒಣ ಬಟ್ಟೆ ತೆಗೆದು, ಮಗುವಿನ ಕೈ ಹಿಡಿದು, ಏನೋ ಗುನುಗುತ್ತ ಕರೆದುಕೊಂಡು ಹೋಗಿ, ಬದಲಾಯಿಸಿ, ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಹಾಕಿ ತಂದಳು. ಪಾಪ, ಯಾರಿಗೆ ಹೇಳಬೇಕು ಅದು, ನಮಗೆ ತಿಳಿಯುವುದಾದರೂ ಹೇಗೆ, ಅಂದಳು. ಇವಳ ತೋಳು ಸವರಿ, ನೀನು ಬೇಜಾರು ಮಾಡಿಕೊಳ್ಳಬೇಡ, ನೀನು ಪಾಠದಲ್ಲಿ ಮುಳುಗಿದ್ದೆ, ಅಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು. ಕೈ ತೊಳೆದಳು. ಮತ್ತೆ ತೊಳೆದಳು. ಗಂಡನಿಗೆ ಫೋನ್ ಮಾಡಬೇಕಿತ್ತು. ಪಾಸಾದೆ ಎಂದಷ್ಟೇ ಬರೆದು ಕಳಿಸಿದಳು. ಗೋದಾಮಿನಿಂದ ಅವನು ತಕ್ಷಣ ಉತ್ತರ ಕೊಟ್ಟ: 'ನನಗೆ ಮೊದಲೇ ಗೊತ್ತಿತ್ತು ಮಿಸ್.' ಎಂದೂ ಇಲ್ಲದೆ ಇವತ್ತೇ ಅವನಿಗೂ ಆ ಮಾತು ಯಾಕೆ ಸಿಕ್ಕಬೇಕಿತ್ತು.

ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಮಗುವಿನ ತಾಯಿ ನಿಂತಿದ್ದಳು. ಹೋಟೆಲಿನ ಕೆಲಸದ ನೀಲಿ ಅಂಗಿಯ ಮೇಲೆ ಕೋಟು ಹಾಕಿಕೊಂಡು, ಬಿಸಿನೀರಿಗೆ ಸುಕ್ಕುಗಟ್ಟಿದ ಕೈಗಳನ್ನು ತೋಳೊಳಗೆ ಎಳೆದುಕೊಂಡು. ಹುಡುಗಿ ಮಗುವನ್ನೂ ಚೀಲವನ್ನೂ ಒಪ್ಪಿಸಿ, ತಾಯಿಗೆ ವಿವರಿಸು ಎಂದು ಇವಳನ್ನು ಮುಂದೆ ಬಿಟ್ಟಳು. ಮಗುವಿಗೆ ಹೇಳಲು ಹೇಳು, ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ಬಿಲ್ಲೆ ತೆಗೆದುಕೊಂಡು ಹೋದರಾಯಿತು. ಅವಳು ಅದನ್ನೆಲ್ಲ ಕನ್ನಡದಲ್ಲಿ ಹೇಳಿದಳು. ಹೇಳಬೇಕಾಗಿದ್ದು ತಾನು, ಎಂದೋ ಹೇಳಬೇಕಾಗಿದ್ದು, ಈಗ ಯಾರದೋ ಮಾತನ್ನು ದಾಟಿಸುವವಳ ಹಾಗೆ ಹೇಳಿದಳು.

ತಾಯಿ ಚೀಲ ನೋಡಿದಳು, ಮಗುವನ್ನು ನೋಡಿದಳು. ಅವಳ ಮುಖ ನಾಚಿಕೆಯಿಂದ ಕಪ್ಪಿಟ್ಟಿತು. 'ಅಯ್ಯೋ, ಮನೇಲಿ ಒಂದು ದಿನಾನೂ ಹೀಗೆ ಮಾಡಿದವಳಲ್ಲ ಅಕ್ಕಾ,' ಅಂದಳು. ಮಗುವಿನ ಕಡೆ ಬಾಗಿದಳು. 'ಮಿಸ್ ಇಲ್ಲೇ ಇದ್ರಲ್ಲೇ, ಕೇಳಕ್ಕೆ ಏನಾಗಿತ್ತು ನಿಂಗೆ?'

ಮಗು ತಾಯಿಯನ್ನು ನೋಡಲಿಲ್ಲ. ಇವಳ ಮುಖವನ್ನೇ ನೋಡುತ್ತ ಹೇಳಿತು: 'ಬೆರಳು ಎತ್ತಿದ್ದೆ. ಮಿಸ್‌ಗೆ ಕಾಣ್ಲಿಲ್ಲ.'

ಮಗು ಅವಳನ್ನು ಉಳಿಸಿತ್ತು. ಯಾಕೆ ಉಳಿಸಿತು? ಕರುಣೆಯೋ, ಪ್ರೀತಿಯೋ, ಮಕ್ಕಳಲ್ಲಿ ಅಂಥದ್ದಿರುತ್ತದೆ, ತನ್ನ ಮೇಲಿನ ಅಕ್ಕರೆಗೆ ಹೀಗೆ ಸುಳ್ಳು ಹೇಳಿರಬೇಕು ಎಂದು ಅಷ್ಟು ಹೊತ್ತಿನಲ್ಲೇ ಅವಳ ಮನಸ್ಸು ಆ ಸುಳ್ಳಿನ ಮೇಲೆ ಹಾಸಿಗೆ ಬಿಚ್ಚಿ ಮಲಗಲು ನೋಡಿತು. ತಾಯಿ, ನೋಡಿದ್ರೆ ಅವರು ಬಿಡ್ತಿದ್ರಾ, ಜೋರಾಗಿ ಕೇಳ್ಬೇಕು ಕಣೆ, ಎಂದು ಮಗುವಿನ ತಲೆಯ ಮೇಲೆ ಮೊಟಕಿ, ನೀವು ಇದೀರ ಅನ್ನೋ ಧೈರ್ಯಕ್ಕೇ ಅಕ್ಕಾ ನಾನು ಬಿಟ್ಟು ಹೋಗೋದು, ಅಂದಳು. ಈಗ ಹೇಳಬೇಕು ಎಂದು ಇವಳಿಗೆ ಗೊತ್ತಿತ್ತು. ನಾನು ನೋಡಿದೆ, ಎರಡು ಮಾತು, ಕನ್ನಡದಲ್ಲಿ ಹೇಳಿದರೆ ಹುಡುಗಿಗೆ ತಿಳಿಯುವುದೂ ಇಲ್ಲ. ಬಾಯಿ ತೆರೆದಳು. ಬಂದದ್ದು, ಪರವಾಗಿಲ್ಲ ಬಿಡಿ, ಮಕ್ಕಳಲ್ವಾ ಎನ್ನುವ ಮಾತು.

ಆಗ ಮಗು ತಾಯಿಯ ಕೋಟಿನ ಅಂಚು ಎಳೆದು ಕೇಳಿತು:

'ಅಮ್ಮಾ, ನಾಳೆನೂ ಇದೇ ಮಿಸ್ ಇರ್ತಾರಾ?'

ತಾಯಿಯ ಮುಖ ಅರಳಿತು. 'ನೋಡಿ, ಎಷ್ಟು ಹಚ್ಕೊಂಡಿದಾಳೆ ನಿಮ್ಮನ್ನ!' ಏನಂತೆ, ಏನು ಹೇಳಿತು ಮಗು ಎಂದು ಹುಡುಗಿ ಕೇಳಿದಳು. ಅವಳು ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಹಾಗೆಹಾಗೇ ಹೇಳಿದಳು. ಹುಡುಗಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ನಾಳೆ ಹೇಳೋಣ ಅಂತಿದ್ದೆ, ಇಷ್ಟು ಮುದ್ದಾಗಿ ಕೇಳುತ್ತಿರುವಾಗ ಹೇಗೆ ತಡೆದುಕೊಳ್ಳಲಿ, ಹೆಡ್ ಮೇಡಂ ಒಪ್ಪಿದ್ದಾರೆ, ನನಗೆ ಮುಂದಿನ ತಿಂಗಳು ಬೇರೆ ಶಾಲೆಗೆ ವರ್ಗ, ಈ ಕ್ಲಾಸು ನಿನಗೇ, ಹೇಳು ಅವಳಿಗೆ, ನೀನೇ ಹೇಳು.

ಮೂವರೂ ಕಾಯುತ್ತಿದ್ದರು. ಅವಳು ಮಗುವಿನ ಎತ್ತರಕ್ಕೆ ಕೂತಳು. ಮಗು ಒದ್ದೆ ಬಟ್ಟೆಯ ಚೀಲವನ್ನು ಹಿಂದಕ್ಕೆ ಮರೆಮಾಡಿಕೊಂಡು, ಒಂದು ಹೆಜ್ಜೆ ತಾಯಿಯ ಕಾಲಿನ ಕಡೆಗೆ ಸರಿಯಿತು.

'ಇರ್ತೀನಿ ಪುಟ್ಟಾ,' ಅಂದಳು. 'ಇಡೀ ವರ್ಷ ನಾನೇ ಇರ್ತೀನಿ.'

ಮಗು ಅವಳ ಕಣ್ಣನ್ನು ಒಂದು ಸಲ ನೋಡಿ, ಬೆನ್ನು ನೆಟ್ಟಗೆ ಮಾಡಿಕೊಂಡಿತು.

'ಸರಿ ಮಿಸ್,' ಅಂದಿತು.